ಸ್ಥಾವರ ಬಿಚ್ಚಿದ ಮೇಲೆ ಕಬ್ಬಿಣ ಎಲ್ಲಿಗೆ?

ಮಾನ್ಯರೇ,

ಕೈಗಾ ಅಣು ಸ್ಥಾವರದ 5 ಮತ್ತು 6ನೇ ಘಟಕಗಳ ಸುದ್ದಿ ಬಂದಾಗಲೆಲ್ಲ ನಮ್ಮ ಚರ್ಚೆ ಕಟ್ಟುವುದರ ಸುತ್ತಲೇ ಇರುತ್ತದೆ. ಕಾಡು ಎಷ್ಟು ಹೋಗುತ್ತದೆ, ಕೆಲಸ ಯಾರಿಗೆ ಸಿಗುತ್ತದೆ. ಒಂದು ದಿನ ಇವನ್ನೆಲ್ಲ ಬಿಚ್ಚಬೇಕಲ್ವಾ? ಆಗ ಬರುವ ಕಬ್ಬಿಣ, ಕಾಂಕ್ರೀಟು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಇಲ್ಲಿನ ಮೊದಲ ಎರಡು ಘಟಕಗಳು ಶುರುವಾದದ್ದು 2000ದಲ್ಲಿ. ಇನ್ನೂ ಸಮಯ ಇದೆ, ಅದಕ್ಕೇ ಈಗ ಕೇಳುತ್ತಿದ್ದೇನೆ.

ಇಂಗ್ಲೆಂಡಿನ ಬರ್ಕ್ಲಿ ಅಣು ಸ್ಥಾವರ 1962ರಲ್ಲಿ ಶುರುವಾಗಿ 1989ರಲ್ಲಿ ನಿಂತಿತು. ಅಲ್ಲಿದ್ದ, ವಿಕಿರಣ ವಸ್ತು ಅಂಟಿದ 15 ಬಾಯ್ಲರ್‌ಗಳು ಒಂದೊಂದೂ 300 ಟನ್‌ಗಿಂತ ಜಾಸ್ತಿ ತೂಕದವು. ಕಳಚಿದ ಮೇಲೆ ವರ್ಷಗಟ್ಟಲೆ ಅಂಗಳದಲ್ಲೇ ಬಿದ್ದಿದ್ದವು. ಹಾಗೇ ಹೂಳಿದ್ದರೆ ತ್ಯಾಜ್ಯ ಹೂಳುವ ಜಾಗ ಬಹಳಷ್ಟು ಅವಕ್ಕೇ ಹೋಗುತ್ತಿತ್ತು. ಹಾಗಾಗಿ 2012 ಮತ್ತು 2013ರಲ್ಲಿ ಹಡಗಿಗೆ ಹಾಕಿ ಸ್ವೀಡನ್ನಿನ ಸ್ಟುಡ್ಸ್‌ವಿಕ್‌ನಲ್ಲಿರುವ ಲೋಹ ಕರಗಿಸುವ ಕಾರ್ಖಾನೆಗೆ ಕಳಿಸಿದರು.

ಅಲ್ಲಿ ಮೊದಲು ಮೇಲ್ಮೈ ಉಜ್ಜಿ, ತುಂಡು ಮಾಡಿ, ಆಮೇಲೆ ಕುಲುಮೆಗೆ ಹಾಕುತ್ತಾರೆ. ವಿಕಿರಣ ಸೂಸುವ ವಸ್ತುಗಳಲ್ಲಿ ಸೀಸಿಯಂ ಧೂಳಿನ ಜತೆ ಫಿಲ್ಟರಿಗೆ ಹೋಗುತ್ತದೆ. ಯುರೇನಿಯಂನಂಥವು ಕಿಟ್ಟದಲ್ಲಿ ಸೇರುತ್ತವೆ. ಉಕ್ಕಿನಲ್ಲೇ ಉಳಿದು ಕಾಡುವುದು ಕೋಬಾಲ್ಟ್-60. ಅದರ ವಿಕಿರಣ ಸುಮಾರು 5 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಸ್ಥಾವರ ನಿಂತು 23 ವರ್ಷ ಕಳೆದಿದ್ದರಿಂದ ಸುಮಾರು 20ರಲ್ಲಿ 1 ಪಾಲಷ್ಟೇ ಉಳಿದಿತ್ತು. ಕರಗಿಸಿದ ಲೋಹದ ಸ್ಯಾಂಪಲ್ ಅಳೆದು, ಮಿತಿಯೊಳಗಿದ್ದರೆ ಮಾತ್ರ ಮಾರುಕಟ್ಟೆಗೆ ಬಿಡುತ್ತಾರೆ. ಶೇ 90ಕ್ಕಿಂತ ಹೆಚ್ಚು ಲೋಹ ಹಾಗೆ ಮರಳಿತು. ಉಳಿದ ಕಿಟ್ಟ, ಧೂಳು ಬ್ರಿಟನ್ನಿಗೇ ವಾಪಸ್.

ಕಸ ಕಡಿಮೆ ಮಾಡುವುದು ಕುಲುಮೆಗಿಂತ ಮೊದಲೇ ಶುರುವಾಗುತ್ತದೆ. ಹೊಸ ವಾಲ್ವ್ ಬಂದರೆ ಅದರ ರಟ್ಟು, ಮರದ ಪೆಟ್ಟಿಗೆ, ಪ್ಲಾಸ್ಟಿಕ್ಕನ್ನು ಹೊರಗೇ ಬಿಚ್ಚಬೇಕು. ವಿಕಿರಣದ ವಲಯದೊಳಗೆ ಹೋದ ರಟ್ಟಿನ ಡಬ್ಬವನ್ನೂ ಪರೀಕ್ಷೆ ಮಾಡದೆ ಹೊರಗೆ ತರುವಂತಿಲ್ಲ. ಸುಮ್ನೆ ತಲೆನೋವು.

ಹೀಗೆ ಕರಗಿಸಿ ಮಾರುಕಟ್ಟೆಗೆ ಬಿಡುವುದರಲ್ಲಿ ನಮ್ಮ ಜನಕ್ಕೆ ನಂಬಿಕೆ ಇಲ್ಲದಿದ್ದರೆ ತಪ್ಪೇನಿಲ್ಲ. 2008ರಲ್ಲಿ ಫ್ರಾನ್ಸಿನಲ್ಲಿ ಸಿಕ್ಕ ಲಿಫ್ಟ್ ಬಟನ್‌ಗಳಲ್ಲಿ ಕೋಬಾಲ್ಟ್-60 ಇತ್ತು. ಆ ಉಕ್ಕು ಹೋದದ್ದು ಭಾರತದಿಂದ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ, ಅದೇ ಕೋಬಾಲ್ಟ್-60 ಇದ್ದ ಹಳೇ ಉಪಕರಣವೊಂದು ಮಾಯಾಪುರಿಯ ಗುಜರಿಗೆ ಹೋಯಿತು. ಅದನ್ನು ಬಿಚ್ಚಿದ್ದರಿಂದ ಒಬ್ಬರು ಸತ್ತರು, ಕೆಲವರು ಆಸ್ಪತ್ರೆ ಸೇರಿದರು. ಇವೆರಡೂ ಅಣು ಸ್ಥಾವರದಿಂದ ಬಂದದ್ದಲ್ಲ ಎಂದು ಅಧಿಕಾರಿಗಳು ಹೇಳಬಹುದು. ಸರಿ. ಆದರೆ ಗುಜರಿ ಗೇಟಿನಲ್ಲಿ ವಿಕಿರಣ ಅಳೆಯುವ ಯಂತ್ರ ಇಲ್ಲದಿದ್ದರೆ ಮಾಲು ಎಲ್ಲಿಂದ ಬಂದರೂ ಒಂದೇ.

ಎಲ್ಲವನ್ನೂ ಹೂತುಬಿಡಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಶುದ್ಧ ಕಬ್ಬಿಣವನ್ನು ಹೂತು ಜಾಗ ತುಂಬಿಸಿದರೆ, ನಿಜವಾಗಿ ಅಪಾಯಕಾರಿಯಾದದ್ದಕ್ಕೆ ಜಾಗ ಎಲ್ಲಿಂದ ತರುತ್ತೀರಿ? ಹಾಗಂತ ಕೊಳಕು ಕಬ್ಬಿಣಕ್ಕೆ ಒಳ್ಳೆಯದನ್ನು ಬೆರೆಸಿ ಮಿತಿಯೊಳಗೆ ತರುವ ಕೈಚಳಕವನ್ನೂ ಮರುಬಳಕೆ ಎನ್ನಬೇಡಿ.

ಅಣು ವಿದ್ಯುತ್ತಿನ ದರದಲ್ಲಿ ಸ್ಥಾವರ ಬಿಚ್ಚುವ ಖರ್ಚಿಗೆಂದು ಯೂನಿಟ್‌ಗೆ 2 ಪೈಸೆ ಸೇರಿಸುತ್ತಾ ಬಂದಿದ್ದಾರೆ. ಆ ದುಡ್ಡು ಕೊಟ್ಟವರು ನಾವು. ಯಾವ ಲೋಹ ಎಲ್ಲಿ ಕರಗುತ್ತದೆ, ಮಿತಿ ಎಷ್ಟು, ಯಾರು ಅಳೆಯುತ್ತಾರೆ ಎಂಬ ಯೋಜನೆಯನ್ನು ಅಣುಶಕ್ತಿ ನಿಗಮ ಕನ್ನಡದಲ್ಲಿ ಪ್ರಕಟಿಸಲಿ, ಅಳತೆಯ ದಾಖಲೆ ಕಾರವಾರದಲ್ಲಿ ಯಾರು ಕೇಳಿದರೂ ಸಿಗಲಿ. ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳ ಗೇಟುಗಳಲ್ಲಿ ವಿಕಿರಣ ಪತ್ತೆ ಯಂತ್ರ ಕಡ್ಡಾಯ ಮಾಡಲು ಕೈಗಾ ಬಿಚ್ಚುವವರೆಗೆ ಕಾಯಬೇಕಿಲ್ಲ.

– ಓದುಗ, ಕಾರವಾರ