ರಸ್ತೆ ಮುಚ್ಚಿ ಫ್ಯಾಷನ್ ಇತಿಹಾಸ ತೋರಿಸಿದರು!

ಮಾನ್ಯರೇ,

ಪೀಣ್ಯ ಎರಡನೇ ಹಂತದ ಫ್ಯಾಷನ್ ಇತಿಹಾಸ ಪ್ರದರ್ಶನದ ಉದ್ಘಾಟನೆ ಕುರಿತು ಭಾನುವಾರ ಬಂದ ವರದಿ ಓದಿದೆ. ಫೋಟೊ ಚೆನ್ನಾಗಿದೆ. ಉದ್ಘಾಟನೆಗೆ ಬಂದ ಸಾಹೇಬರ ಬೆನ್ನ ಹಿಂದೆ ಬ್ಯಾರಿಕೇಡ್ ಕಾಣುತ್ತದಲ್ಲ, ಅದರಾಚೆ ಶನಿವಾರ ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ ನಿಂತಿದ್ದದ್ದು ರಫ್ತಿನ ಅಂಗಿ ತುಂಬಿದ ಲಾರಿಗಳು. ಅದು ವರದಿಯಲ್ಲಿಲ್ಲ.

ನಮ್ಮ ಯುವಜನರೂ ಅಂತರರಾಷ್ಟ್ರೀಯ ಫ್ಯಾಷನ್ ವ್ಯವಹಾರಕ್ಕೆ ಕಾಲಿಡಬೇಕು ಎಂದು ಸಾಹೇಬರು ಕರೆ ಕೊಟ್ಟರಂತೆ. ಕಾಲಿಟ್ಟು ದಶಕಗಳೇ ಆದವು ಸ್ವಾಮಿ! ಹಾಗೆ ಕಾಲಿಟ್ಟವರು ಅಂದು ಬ್ಯಾರಿಕೇಡ್ ದಾಟಲಾಗದೆ ಎಂಟೂವರೆಯ ಹಾಜರಿ ಪಂಚ್ ತಪ್ಪಿ ಅರ್ಧ ದಿನದ ಸಂಬಳ ಕಳೆದುಕೊಂಡರು. ಮೂವತ್ತು ಮಷೀನಿನ ಲೈನಿನಲ್ಲಿ ಕಾಲರ್ ಕೂರಿಸುವ ಇಬ್ಬರು ಬರದಿದ್ದರೆ ಸಾಕು, ಹಿಂದಿನವರ ಬಂಡಲ್ ರಾಶಿ ಬೀಳುತ್ತದೆ, ಮುಂದಿನವರು ಕೈಕಟ್ಟಿ ಕೂರುತ್ತಾರೆ.

ಲಾರಿ ನಿಂತರೆ ಏನಾಯಿತು ಎನ್ನುವವರಿಗೆ ಲೆಕ್ಕ ಹೇಳುತ್ತೇನೆ. ಎಫ್‌ಒಬಿ (ಅಂದರೆ ಮಾಲು ಹಡಗು ಹತ್ತುವವರೆಗಷ್ಟೇ ನಮ್ಮ ಖರ್ಚು ಎಂಬ) ಆರ್ಡರಿನಲ್ಲಿ ಹಡಗಿನ ಬಾಡಿಗೆ ಬಯ್ಯರ್‌ದು. ಆದರೆ ಮಾಲು ಕಟ್-ಆಫ್, ಅಂದರೆ ಕೊನೆಯ ಗಡುವಿನೊಳಗೆ ವೈಟ್‌ಫೀಲ್ಡ್ ಕಂಟೇನರ್ ಡಿಪೊ ಸೇರಿ, ಚೆನ್ನೈಯಲ್ಲಿ ಹೇಳಿದ ಹಡಗನ್ನೇ ಹತ್ತಬೇಕು. ತಪ್ಪಿದರೆ ಡಿಸ್ಕೌಂಟ್ ಕೊಡಿ, ಇಲ್ಲ ನಿಮ್ಮ ಖರ್ಚಲ್ಲೇ ವಿಮಾನಕ್ಕೆ ಹಾಕಿ ಅನ್ನುತ್ತಾರೆ. ವಿಮಾನದವರು ಬರೀ ತೂಕ ನೋಡುವವರಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸಿ, ಅದಕ್ಕೂ ನಿಜ ತೂಕಕ್ಕೂ ಯಾವುದು ಹೆಚ್ಚೋ ಅದಕ್ಕೆ ಬಿಲ್ ಹಾಕುತ್ತಾರೆ. 60, 40, 40ರ ಪೆಟ್ಟಿಗೆ ತಕ್ಕಡಿಯಲ್ಲಿ 11 ಕಿಲೊ ತೂಗಿದರೂ ಬಿಲ್ 16 ಕಿಲೊಗೆ. ಐದು ಕಿಲೊ ಗಾಳಿಗೆ ದುಡ್ಡು. ಇದನ್ನು ಸಾಹೇಬರ ಇಲಾಖೆ ಕೊಡುತ್ತದೆಯೇ?

ಇನ್ನು ಆ ಪ್ರದರ್ಶನ. ಮೊದಲ ಬೋರ್ಡು, 1858ರಲ್ಲಿ ಇಂಗ್ಲೆಂಡಿನ ಉಡುಪು ವಿನ್ಯಾಸಕ ಚಾರ್ಲ್ಸ್ ಫ್ರೆಡರಿಕ್ ವರ್ತ್ ಪ್ಯಾರಿಸ್ಸಿನ ರ್ಯೂ ದ ಲಾ ಪೇಯಲ್ಲಿ ಅಂಗಡಿ ತೆರೆದ ಎಂದು. ಸರಿ. ಎರಡನೆಯದು, 1947ರ ಫೆಬ್ರುವರಿ 12ರಂದು ಕ್ರಿಸ್ಟಿಯನ್ ಡಿಯೋರ್ ತೋರಿಸಿದ, ಅಗಲ ಲಂಗದ 'ನ್ಯೂ ಲುಕ್'. ಅದೂ ಸರಿ. ಆದರೆ ದುಡ್ಡು ಹಾಕಿದ್ದು ಮಾರ್ಸೆಲ್ ಬೂಸಾಕ್ ಎಂಬ ಹತ್ತಿ ಗಿರಣಿಗಳ ಧಣಿ ಎಂಬ ಮಾತೇ ಇಲ್ಲ. ಮೀಟರುಗಟ್ಟಲೆ ಬಟ್ಟೆ ನುಂಗುವ ಲಂಗಕ್ಕೆ ಬಟ್ಟೆ ಗಿರಣಿಯವನ ಬಂಡವಾಳ! ಆ ಕಾಲದಲ್ಲಿ ಶೋ ನೋಡಲು ಬರುವ ಅಮೆರಿಕದ ವ್ಯಾಪಾರಿ ಮೊದಲೇ ಠೇವಣಿ ಕಟ್ಟಬೇಕಿತ್ತು. ಡಿಸೈನ್ ಕೊಂಡರೆ ಕೋರಾ ಬಟ್ಟೆಯಲ್ಲಿ ಹೊಲಿದ ಮಾದರಿ, ಜೊತೆಗೆ ಯಾವ ಬಟ್ಟೆ, ಯಾವ ಗುಂಡಿ, ಎಲ್ಲಿ ಸಿಗುತ್ತದೆ ಎಂಬ ಚೀಟಿ. ಇವತ್ತು ನಮ್ಮ ಮರ್ಚಂಡೈಸರುಗಳ ಮೇಜಿನ ಮೇಲಿರುವ ಟೆಕ್ ಪ್ಯಾಕಿನ (ಉಡುಪು ಹೊಲಿಯಲು ಬೇಕಾದ ವಿವರಗಳ ಕಡತ) ಅಜ್ಜಿ ಅದು.

ಮೂರನೇ ಬೋರ್ಡು ನೇರ ಇಂದಿನ ರ‍್ಯಾಂಪ್ ಮೇಲೆ ಇಳಿಯುತ್ತದೆ. ನಡುವಿನ ಕೋಟಾ ಕಾಲ ಎಲ್ಲಿ ಹೋಯಿತು? 1974ರಿಂದ 1994ರವರೆಗೆ ಮಲ್ಟಿ ಫೈಬರ್ ಒಪ್ಪಂದ, ಅದನ್ನು ಕಳಚಲು ಇನ್ನೂ ಹತ್ತು ವರ್ಷ. ಯಾವ ದೇಶ ಎಷ್ಟು ಡಜನ್ ಕಳಿಸಬಹುದು ಎಂದು ಕೊಳ್ಳುವ ದೇಶಗಳೇ ಮಿತಿ ಹಾಕುತ್ತಿದ್ದವು. ಅಮೆರಿಕದ ಲೆಕ್ಕದಲ್ಲಿ 340 ಅಂದರೆ ಗಂಡಸರ ಹತ್ತಿ ಅಂಗಿ, 341 ಹೆಂಗಸರ ಬ್ಲೌಸು, 347 ಪ್ಯಾಂಟು. ಹಳೇ ಷಿಪ್ಪಿಂಗ್ ಗುಮಾಸ್ತರಿಗೆ ಈ ನಂಬರುಗಳು ನಿದ್ದೆಯಲ್ಲೂ ಬಾಯಿಗೆ ಬರುತ್ತವೆ. ಇಲ್ಲಿ ಹಂಚುತ್ತಿದ್ದದ್ದು ರಫ್ತು ಉತ್ತೇಜನ ಮಂಡಳಿ: ಹಿಂದಿನ ರಫ್ತು ನೋಡಿ ಒಂದಷ್ಟು, ಮೊದಲು ಬಂದವರಿಗೆ ಒಂದಷ್ಟು. ಒಂದು ಹೊಲಿಗೆಯನ್ನೂ ಹಾಕದೆ ಕೋಟಾ ಕಾಗದವನ್ನೇ ಮಾರಿ ದುಡ್ಡು ಮಾಡಿದವರಿದ್ದರು. ಕೊರಿಯಾಕ್ಕೆ ಕೋಟಾ ಮಿತಿ ಬಿಗಿಯಾದಾಗ ಅಲ್ಲಿನ ಡೇವೂ ಕಂಪನಿ, ಬಾಂಗ್ಲಾದೇಶದ ದೇಶ್ ಗಾರ್ಮೆಂಟ್ಸ್ ಜೊತೆ ಕೈಜೋಡಿಸಿ 1979ರಲ್ಲಿ 130 ಜನರನ್ನು ಕರೆಸಿ ಕೆಲಸ ಕಲಿಸಿತು. ಢಾಕಾದ ಗಾರ್ಮೆಂಟ್ಸ್ ಬೆಳೆದದ್ದು ಅಲ್ಲಿಂದ.

ಕೋಟಾ ಕಳಚಿದ್ದಾದರೂ ಹೇಗೆ? ಮಿತಿಯಿಂದ ಬಿಟ್ಟದ್ದು 1995ರಲ್ಲಿ ಆಮದಿನ ಶೇ 16, 1998ರಲ್ಲಿ ಶೇ 17, 2002ರಲ್ಲಿ ಶೇ 18. ಉಳಿದ ಶೇ 49 ಒಂದೇ ಸಲ, 2005ರ ಜನವರಿ 1ಕ್ಕೆ. ಬೇಡದ್ದನ್ನು ಮೊದಲು ಬಿಟ್ಟು, ಅಂಗಿ ಪ್ಯಾಂಟನ್ನು ಕೊನೆಯವರೆಗೂ ಹಿಡಿದಿಟ್ಟರು.

ನಮ್ಮವರೇನು ಕಡಿಮೆಯೇ? ಸಿದ್ಧ ಉಡುಪು ಸಣ್ಣ ಕೈಗಾರಿಕೆಗೇ ಮೀಸಲು ಎಂದು 2000ದ ಜವಳಿ ನೀತಿವರೆಗೂ ಕಟ್ಟಿಹಾಕಿದ್ದರು. 2016ರಲ್ಲಿ ಪಿ.ಎಫ್.ನ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದರು. ಏಪ್ರಿಲ್ 18, 19ರಂದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದ ಮೇಲೆಯೇ ದಿಲ್ಲಿಗೆ ಕಿವಿ ಕೇಳಿಸಿದ್ದು. ಅವರು ರಸ್ತೆ ತಡೆದರೆ ಲಾಠಿ, ಸಾಹೇಬರು ತಡೆದರೆ ಹಾರ! ಪೀಣ್ಯದ ನಮ್ಮ ಈ ರಸ್ತೆಯನ್ನು ಕಳೆದ ವರ್ಷ ಕೇಬಲ್‌ಗೆ ಒಮ್ಮೆ, ಪೈಪಿಗೆ ಒಮ್ಮೆ ಅಗೆದರು. ಬೀದಿದೀಪ ಕೇಳಬೇಡಿ. ಸೆಕೆಂಡ್ ಶಿಫ್ಟ್ ಬಿಟ್ಟ ಮೇಲೆ ಹೆಣ್ಣುಮಕ್ಕಳು ಮೊಬೈಲ್ ಬೆಳಕಲ್ಲಿ ನಡೆಯುತ್ತಾರೆ.

ಇನ್ನು ಮುಂದೆ ರಸ್ತೆ ಮುಚ್ಚುವುದಿದ್ದರೆ ಮೂರು ದಿನ ಮೊದಲು ತಿಳಿಸಲಿ, ಇಲ್ಲವೇ ಇಂಥ ಸಮಾರಂಭಗಳನ್ನು ಅರಮನೆ ಮೈದಾನದಲ್ಲೇ ಇಟ್ಟುಕೊಳ್ಳಲಿ. ಆ ಬೋರ್ಡುಗಳನ್ನು ಸಂಬಂಧಪಟ್ಟವರು ಸರಿಪಡಿಸಲಿ, ಅಥವಾ ಕೆಳಗಿಳಿಸಲಿ. ಶಾಮಿಯಾನದ ಗೂಟ ಹೊಡೆದ ಗುಂಡಿಗಳು ಇನ್ನೂ ಬಾಯಿ ಬಿಟ್ಟುಕೊಂಡಿವೆ. ಅದನ್ನು ಮುಚ್ಚಲಿಕ್ಕೂ ಇನ್ನೊಬ್ಬ ಸಾಹೇಬರು ಬಂದು ಟೇಪು ಕತ್ತರಿಸಬೇಕೇ?

– ನೊಂದ ಓದುಗ, ಪೀಣ್ಯ 2ನೇ ಹಂತ, ಬೆಂಗಳೂರು