ಬೆರಗಿನ ಮರುದಿನವೂ ಸುದ್ದಿಯೇ

ಹಾಸನ

ಪ್ರೀತಿಯ ತಮ್ಮನಿಗೆ,

ನೀನು ಕಳುಹಿಸಿದ ಬರಹಗಳನ್ನು ಒಂದೂ ಬಿಡದೆ ಓದಿದೆ. ವಿಜ್ಞಾನ, ಅಪರಾಧ, ಕ್ರೀಡೆ ಎಂದು ಎಲ್ಲ ಕಡೆಯಿಂದ ವಿಚಿತ್ರ ಸುದ್ದಿಗಳನ್ನು ಹೆಕ್ಕಿ ತರುವ ಕಣ್ಣು ನಿನಗಿದೆ. ಆದರೆ ಓದುಗ ಹುಬ್ಬೇರಿಸಿದ ಕೂಡಲೇ ನೀನು ಬರಹ ಮುಗಿಸಿಬಿಡುತ್ತೀಯ. ನನ್ನ ತಕರಾರು ಅಷ್ಟೇ, ಆದರೆ ಅದು ಸಣ್ಣದಲ್ಲ.

ಅಣಬೆಯ ಬರಹಕ್ಕೆ ‘ಕಪ್ಪೆಯನ್ನು ತಿಂದ ಅಣಬೆ’ ಎಂದು ಶೀರ್ಷಿಕೆ ಕೊಟ್ಟಿದ್ದೀಯ. 2023ರ ಜೂನ್‌ನಲ್ಲಿ ಕುದುರೆಮುಖದ ತಪ್ಪಲಿನಲ್ಲಿ, ರಸ್ತೆ ಬದಿಯ ಮಳೆನೀರಿನ ಹೊಂಡವೊಂದರಲ್ಲಿ ಕಂಡ ಆ ಕಪ್ಪೆ ಜೀವಂತವಾಗಿತ್ತು, ಓಡಾಡುತ್ತಿತ್ತು. ಅದರ ಪಕ್ಕೆಯಿಂದ ಪುಟ್ಟ ಅಣಬೆಯೊಂದು ತಲೆ ಎತ್ತಿತ್ತು. ಕಂಡವರು ಫೋಟೊ ತೆಗೆದು ಕಪ್ಪೆಯನ್ನು ಅಲ್ಲಿಯೇ ಬಿಟ್ಟರು. ಫೋಟೊ ನೋಡಿದ ತಜ್ಞರು ಅದು ಸಾಮಾನ್ಯವಾಗಿ ಕೊಳೆತ ಮರದ ಮೇಲೆ ಬೆಳೆಯುವ ಮೈಸೀನಾ ಕುಲದ ಅಣಬೆ ಎಂದರು. ಆ ಕಪ್ಪೆ ಬದುಕಿತೋ ಸತ್ತಿತೋ ಯಾರಿಗೂ ತಿಳಿಯದು. ತೆರೆದೇ ಇರುವ ಪ್ರಶ್ನೆಗೆ ನಿನ್ನ ಶೀರ್ಷಿಕೆ ಬಾಗಿಲು ಹಾಕಿಬಿಟ್ಟಿದೆ.

ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯದ ಕಳವು ಚೆನ್ನಾಗಿ ಬಂದಿದೆ. ಹಾಡಹಗಲೇ ಸಾಮಾನು ಏರಿಸುವ ಯಂತ್ರವಿದ್ದ ಲಾರಿ ತಂದು, ಕೆಲವೇ ನಿಮಿಷಗಳಲ್ಲಿ ರಾಜಮನೆತನದ ಆಭರಣ ಹೊತ್ತೊಯ್ದವರು ಕಿರೀಟವೊಂದನ್ನು ದಾರಿಯಲ್ಲೇ ಬೀಳಿಸಿಹೋದದ್ದನ್ನು ಲವಲವಿಕೆಯಿಂದಲೇ ಬರೆಯಬಹುದು. ಅದೇ ದನಿಯಲ್ಲಿ 2024ರ ನಮ್ಮ ಜಿಲ್ಲೆಯ ಪೆನ್‌ಡ್ರೈವ್ ಪ್ರಕರಣವನ್ನೂ, ಮಹಿಳೆಯರ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳು ಪೆನ್‌ಡ್ರೈವ್‌ಗಳಲ್ಲಿ ಹರಿದಾಡಿದ್ದನ್ನೂ ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಸಿಟ್ಟು ಬಂತು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಹೆಸರು ಬರೆದಿಲ್ಲ ಎಂದು ನೀನು ಹೇಳಬಹುದು. ಆದರೆ ಸಂತ್ರಸ್ತೆಯ ಹೋಬಳಿ ಯಾವುದು, ಗಂಡನ ಕೆಲಸ ಏನು ಎಂದು ಬರೆದಿದ್ದೀಯ. ನಮ್ಮಂಥ ಊರುಗಳಲ್ಲಿ ಅಷ್ಟು ಸಾಕು, ಸಂಜೆಯೊಳಗೆ ಇಡೀ ಊರಿಗೆ ತಿಳಿಯುತ್ತದೆ. ಆ ಎರಡು ಸಾಲುಗಳನ್ನು ಇವತ್ತೇ ಕಿತ್ತುಹಾಕು.

ಕ್ರಿಕೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2017ರ ಮಹಿಳಾ ವಿಶ್ವಕಪ್ ಫೈನಲ್ ಭಾರತದ ಕೈತಪ್ಪಿದ್ದು 9 ರನ್‌ಗಳಿಂದ. ಆ ದಿನ ಕಡೂರಿನ ವೇದಾ ಕೃಷ್ಣಮೂರ್ತಿ 35 ರನ್ ಹೊಡೆದಿದ್ದರು. ನಮ್ಮ ಮಹಿಳೆಯರು ಕಪ್ ಗೆದ್ದದ್ದು 2025ರ ನವೆಂಬರ್‌ನಲ್ಲಿ, ವೇದಾ ನಿವೃತ್ತಿ ಘೋಷಿಸಿದ ಕೆಲವೇ ತಿಂಗಳ ನಂತರ. ಈ ಎರಡು ದಿನಗಳ ನಡುವೆ ಒಂದು ಒಳ್ಳೆಯ ಬರಹವಿದೆ, ಯೋಚಿಸು.

ಇನ್ನು ಹೃದಯಾಘಾತದ ಬರಹ. 2025ರ ಮೇ, ಜೂನ್‌ನಲ್ಲಿ ಜಿಲ್ಲೆಯಲ್ಲಿ ಒಂದರ ಬೆನ್ನಿಗೆ ಒಂದು ಸಾವು ಸುದ್ದಿಯಾಯಿತು. ಚಿಕ್ಕ ವಯಸ್ಸಿನವರೂ ಹೋದರು. ಹೆದರಿದ ಜನ ತಪಾಸಣೆಗೆಂದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ನಿನ್ನ ಬರಹ ಆ ಸಾಲಿನಲ್ಲೇ ನಿಂತಿದೆ. ಜುಲೈನಲ್ಲಿ ತಜ್ಞರ ಸಮಿತಿಯ ವರದಿ ಬಂತು, ಆ ಹೊತ್ತಿಗೆ ನೀನು ಬೇರೆ ವಿಚಿತ್ರದ ಹಿಂದೆ ಹೋಗಿದ್ದೆ. ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ ನಾಲ್ಕಕ್ಕೆ ಹೃದಯದ ಕಾಯಿಲೆ ಕಾರಣವೇ ಆಗಿರಲಿಲ್ಲ. ಉಳಿದ 20ರಲ್ಲಿ ಹೃದಯದ ಕಾಯಿಲೆಯೇ ಕಾರಣ ಎಂಬುದು ಹತ್ತರಲ್ಲಿ ಖಚಿತ, ಹತ್ತರಲ್ಲಿ ಸಂಭವನೀಯ. ಸಾವಿನ ಪ್ರಮಾಣ ಅಸಹಜವಾಗಿ ಏರಿಲ್ಲ ಎಂದು ವರದಿ ಹೇಳಿತು. ಅದರಲ್ಲೇ ಇನ್ನೊಂದು ಮಾತಿತ್ತು: ಸತ್ತವರಲ್ಲಿ ಶೇ 30ಕ್ಕಿಂತ ಹೆಚ್ಚು ಮಂದಿ ಆಟೊ, ಕ್ಯಾಬ್ ಚಾಲಕರು.

ನಿಜವಾದ ಸುದ್ದಿ ಅದು. ಬಸ್ ನಿಲ್ದಾಣದ ಹೊರಗಿನ ಆಟೊ ಸ್ಟ್ಯಾಂಡಿನಲ್ಲಿ ಒಂದು ದಿನ ಪೂರ್ತಿ ಕೂರು. ಅವರು ಯಾವಾಗ ಊಟ ಮಾಡುತ್ತಾರೆ, ಎಷ್ಟು ಹೊತ್ತು ಮಲಗುತ್ತಾರೆ, ಸಾಲದ ಕಂತು ಎಷ್ಟು, ಬಿ.ಪಿ. ಕೊನೆಯ ಬಾರಿ ನೋಡಿಸಿದ್ದು ಯಾವಾಗ, ಒಂದು ದಿನ ಬಾಡಿಗೆ ಬಿಟ್ಟು ಆಸ್ಪತ್ರೆಗೆ ಹೋದರೆ ಎಷ್ಟು ನಷ್ಟ ಎಂದು ಕೇಳು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊ. ವರದಿಯನ್ನೂ ಪೂರ್ತಿ ಓದು, ಪತ್ರಿಕೆಯ ಸಾರಾಂಶ ನೆಚ್ಚಬೇಡ. ಈ ಬರಹ ಮೊದಲು ಬರಲಿ. ಕಪ್ಪೆಯದನ್ನು ಆಮೇಲೆ ತಿದ್ದೋಣ.

ನಿನ್ನ,
ಅಣ್ಣ