ಸೀಸ ಮತ್ತು ಮಗುವಿನ ತಟ್ಟೆ: ‘ಪೌಷ್ಟಿಕ ಆಹಾರ ಕೊಡಿ’ ಎಂದಷ್ಟೇ ಹೇಳಿದರೆ ಸಾಲದು

ಸಂಪಾದಕರೇ,

ಸೀಸದ ವಿಷದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳ ಕೊನೆಗೆ ಒಂದು ಸಾಲು ಇದ್ದೇ ಇರುತ್ತದೆ: ‘ಮಕ್ಕಳಿಗೆ ಪೌಷ್ಟಿಕ ಆಹಾರ ಕೊಡಿ’. ಮಾತು ಸುಳ್ಳಲ್ಲ. ಆದರೆ ಯಾವ ಆಹಾರ, ಎಷ್ಟು, ಯಾವ ಹೊತ್ತಿಗೆ, ಯಾವುದರ ಜತೆ ಎಂದು ಬಿಡಿಸಿ ಹೇಳದಿದ್ದರೆ ತಂದೆತಾಯಿ ಇನ್ನೊಂದು ಲೋಟ ಹಾಲು ಕುಡಿಸಿ ಸಮಾಧಾನಪಟ್ಟುಕೊಳ್ಳುತ್ತಾರೆ. ಆ ಹೆಚ್ಚುವರಿ ಲೋಟವೇ ಕೆಲವು ಮಕ್ಕಳಿಗೆ ಮುಳುವಾಗುತ್ತದೆ. ಅದಕ್ಕೇ ಈ ಪತ್ರ.

ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ಕರುಳು ಹೀರಿಕೊಳ್ಳುವುದು ಹೆಚ್ಚುಕಡಿಮೆ ಹತ್ತನೇ ಒಂದು ಪಾಲು. ಚಿಕ್ಕ ಮಕ್ಕಳ ಕರುಳು ಶೇ 40ರಿಂದ 50ರಷ್ಟನ್ನು ಎಳೆದುಕೊಳ್ಳುತ್ತದೆ. ಇದಕ್ಕೆ ಕಾರಣವಿದೆ. ಬೆಳೆಯುವ ದೇಹಕ್ಕೆ ಕಬ್ಬಿಣ, ಕ್ಯಾಲ್ಸಿಯಂ ಬಹಳ ಬೇಕು. ಅವನ್ನು ಒಳಗೆ ತರುವ ಸಾಗಣೆ ಪ್ರೊಟೀನುಗಳು ಸೀಸವನ್ನೂ ಅವೇ ಎಂದು ಭಾವಿಸಿ ಒಳಗೆ ಬಿಡುತ್ತವೆ. ಮಗುವಿಗೆ ಕಬ್ಬಿಣದ ಕೊರತೆಯಾದರೆ ಕರುಳು ಇಂಥ ಪ್ರೊಟೀನುಗಳನ್ನು ಇನ್ನೂ ಹೆಚ್ಚು ತಯಾರಿಸುತ್ತದೆ. ಬಾಗಿಲು ಅಗಲವಾಯಿತು, ಆದರೆ ಒಳಗೆ ಬರಲು ಕಬ್ಬಿಣವಿಲ್ಲ, ಬರುವುದು ಸೀಸ. ಅಷ್ಟಕ್ಕೇ ಮುಗಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ತಯಾರಾಗಲು ಬೇಕಾದ ಕಿಣ್ವಗಳನ್ನು ಸೀಸ ತಡೆಯುವುದರಿಂದ ರಕ್ತಹೀನತೆ ಹೆಚ್ಚುತ್ತದೆ. ಕಬ್ಬಿಣದ ಕೊರತೆಯಿರುವ ಮಕ್ಕಳಲ್ಲಿ ಮಣ್ಣು, ಸುಣ್ಣ, ಗೋಡೆಯಿಂದ ಎದ್ದ ಬಣ್ಣದ ಚಕ್ಕೆ ತಿನ್ನುವ ಚಟವೂ ಕಾಣಿಸಿಕೊಳ್ಳುತ್ತದೆ. ಆ ಮಣ್ಣಿನಲ್ಲೋ ಚಕ್ಕೆಯಲ್ಲೋ ಮತ್ತೆ ಸೀಸ. ‘ಮಗು ಮಣ್ಣು ತಿನ್ನುತ್ತದೆ’ ಎಂದು ಗದರಿಸುವ ಮೊದಲು ಅದರ ರಕ್ತ ಪರೀಕ್ಷೆ ಮಾಡಿಸಬೇಕು.

ಖಾಲಿ ಹೊಟ್ಟೆಯ ವಿಚಾರ ಯಾರೂ ಒತ್ತಿ ಹೇಳುವುದಿಲ್ಲ. ವಯಸ್ಕ ಸ್ವಯಂಸೇವಕರ ಮೇಲೆ ನಡೆದ ಪ್ರಯೋಗಗಳಲ್ಲಿ, ಖಾಲಿ ಹೊಟ್ಟೆಯಲ್ಲಿ ಸೇವಿಸಿದ ಸೀಸದ ಅರ್ಧಕ್ಕಿಂತ ಹೆಚ್ಚು ಪಾಲು ದೇಹಕ್ಕೆ ಸೇರಿತು. ಊಟದ ಜತೆ ಹೋದಾಗ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಮಗುವಿನ ದಿನಚರಿಗೆ ಇದನ್ನು ಹೊಂದಿಸಿ ನೋಡಿ. ಬೆಳಿಗ್ಗೆ ಎದ್ದ ಮಗು ಕಿಟಕಿಯ ಅಂಚು ಹಿಡಿದು ನಿಲ್ಲುತ್ತದೆ, ಸೀಸ ಬೆರೆತ ಹಳೆಯ ಬಣ್ಣದ ಧೂಳು ಅಂಗೈಗೆ ಮೆತ್ತುತ್ತದೆ, ಅದೇ ಕೈ ಬಾಯಿಗೆ ಹೋಗುತ್ತದೆ, ತಿಂಡಿಯಾಗುವುದು ಎರಡು ಗಂಟೆ ಬಿಟ್ಟು. ಆದ್ದರಿಂದ ಎದ್ದ ಸ್ವಲ್ಪ ಹೊತ್ತಿಗೇ ಏನಾದರೂ ತಿನ್ನಿಸಿ. ಒಂದರಿಂದ ಐದು ವರ್ಷದವರಿಗೆ ದಿನಕ್ಕೆ ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ. ಎಚ್ಚರವಿರುವಾಗ ಮೂರು ಗಂಟೆಗಿಂತ ಹೆಚ್ಚು ಅಂತರ ಬೇಡ. ಪ್ರತಿ ಸಲವೂ ತಿನ್ನುವ ಮೊದಲು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಕೈ ತೊಳೆಸಿ. ಸ್ಯಾನಿಟೈಸರ್ ರೋಗಾಣುಗಳನ್ನು ಕೊಲ್ಲಬಹುದು, ಸೀಸವನ್ನು ತೆಗೆಯುವುದಿಲ್ಲ. ಜೊಲ್ಲು ಹಚ್ಚಿ ನೆಲದಲ್ಲಿ ಉರುಳಾಡಿದ ಆಟಿಕೆಯನ್ನೂ ಹಾಗೆಯೇ ತೊಳೆಯಬೇಕು.

ಈಗ ಕಬ್ಬಿಣ. ಅಮೆರಿಕದ ಶಿಫಾರಸಿನ ಪ್ರಕಾರ 7ರಿಂದ 12 ತಿಂಗಳ ಮಗುವಿಗೆ ದಿನಕ್ಕೆ 11 ಮಿಲಿಗ್ರಾಂ, 1ರಿಂದ 3 ವರ್ಷಕ್ಕೆ 7, 4ರಿಂದ 8 ವರ್ಷಕ್ಕೆ 10 ಮಿಲಿಗ್ರಾಂ ಬೇಕು. ಮೊದಲ ಹುಟ್ಟುಹಬ್ಬಕ್ಕೂ ಮುಂಚಿನ ಅಂಕಿಯೇ ದೊಡ್ಡದು ಎಂಬುದನ್ನು ಗಮನಿಸಿ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನಲ್ಲಿರುವ ಕಬ್ಬಿಣ ಸಾಲುವುದಿಲ್ಲ, ಮೇಲಾಹಾರದಲ್ಲಿ ಮೊದಲ ದಿನಗಳಿಂದಲೇ ಕಬ್ಬಿಣವಿರಬೇಕು. ಬರೀ ಗಂಜಿ, ಬರೀ ಹಣ್ಣಿನ ತಿರುಳು ಸಾಲದು. ಮಾಂಸ ತಿನ್ನುವ ಮನೆಗಳಲ್ಲಿ ಕೆಲಸ ಸುಲಭ: ಮಾಂಸ, ಮೀನಿನ ಕಬ್ಬಿಣವನ್ನು ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ, ಜತೆಗೆ ಬಡಿಸಿದ ಕಾಳಿನ ಕಬ್ಬಿಣವೂ ಸ್ವಲ್ಪ ಹೆಚ್ಚು ದಕ್ಕುತ್ತದೆ. ಬೇಳೆ, ಕಾಳು, ಸೊಪ್ಪನ್ನೇ ನೆಚ್ಚಿಕೊಂಡವರು ಮಾತ್ರ ಲೆಕ್ಕ ಹಾಕಬೇಕು. ಅರ್ಧ ಕಪ್ ಬೆಂದ ಬೇಳೆಯಲ್ಲಿ ಮೂರು ಮಿಲಿಗ್ರಾಂ ಆಸುಪಾಸು ಕಬ್ಬಿಣ ಇದ್ದರೂ ರಕ್ತಕ್ಕೆ ಸೇರುವುದು ಅದರಲ್ಲೊಂದು ಸಣ್ಣ ಪಾಲು. ಕಾಳಿನಲ್ಲಿರುವ ಫೈಟೇಟ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದೇ ಇದಕ್ಕೆ ಕಾರಣ. ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿದರೆ, ಮೊಳಕೆ ಬರಿಸಿದರೆ, ಹಿಟ್ಟು ಹುದುಗು ಬರಿಸಿದರೆ ಫೈಟೇಟ್ ಇಳಿಯುತ್ತದೆ.

ಅದಕ್ಕಿಂತ ಸುಲಭದ ಉಪಾಯ ವಿಟಮಿನ್ ಸಿ. ಒಂದು ಸಾಧಾರಣ ಗಾತ್ರದ ಕಿತ್ತಳೆಯಲ್ಲಿ ಸುಮಾರು 70 ಮಿಲಿಗ್ರಾಂ ಇರುತ್ತದೆ. ಚಿಕ್ಕ ಮಗುವಿನ ದಿನದ ಅಗತ್ಯ 15ರಿಂದ 25 ಮಿಲಿಗ್ರಾಂ. ಪ್ರಮಾಣಕ್ಕಿಂತ ಇಲ್ಲಿ ಸಮಯ ಮುಖ್ಯ. ಹಣ್ಣು ಸಂಜೆ ನಾಲ್ಕಕ್ಕೆ, ಬೇಳೆ ಮಧ್ಯಾಹ್ನ ಒಂದಕ್ಕೆ ಎಂದಾದರೆ ಕಬ್ಬಿಣಕ್ಕೆ ಹಣ್ಣಿನಿಂದ ಏನೂ ನೆರವಿಲ್ಲ. ಎರಡೂ ಒಂದೇ ಊಟದಲ್ಲಿರಬೇಕು. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಕುದಿಯುವ ಪಾತ್ರೆಗೆ ಹಾಕಿದರೆ ವಿಟಮಿನ್ ಒಂದಷ್ಟು ನಾಶವಾಗುತ್ತದೆ. ಚಹಾ, ಕಾಫಿ ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ಊಟದ ಜತೆ ಕುಡಿದ ಚಹಾದ ಟ್ಯಾನಿನ್, ಬೇಳೆಯ ಕಬ್ಬಿಣವನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ.

ಇನ್ನು ಹಾಲು. ಕ್ಯಾಲ್ಸಿಯಂ ಸಾಕಷ್ಟು ಸಿಗುತ್ತಿದ್ದರೆ ಸೀಸ ಕರುಳಿನಲ್ಲಿ ಕಡಿಮೆ ಹೀರಲ್ಪಡುತ್ತದೆ, ಮೂಳೆಯೂ ಗಟ್ಟಿಯಿರುತ್ತದೆ. ಅಮೆರಿಕದ್ದೇ ಲೆಕ್ಕದಲ್ಲಿ 1ರಿಂದ 3 ವರ್ಷಕ್ಕೆ 700 ಮಿಲಿಗ್ರಾಂ, 4ರಿಂದ 8 ವರ್ಷಕ್ಕೆ 1000 ಮಿಲಿಗ್ರಾಂ ಬೇಕು. 240 ಮಿಲಿಲೀಟರ್ ಹಾಲಿನಲ್ಲಿ ಸುಮಾರು 300 ಮಿಲಿಗ್ರಾಂ ಸಿಗುತ್ತದೆ. ಎರಡು ಲೋಟ ಹಾಲು, ಸ್ವಲ್ಪ ಮೊಸರು: ಮೂರು ವರ್ಷದೊಳಗಿನವರಿಗೆ ಅಲ್ಲಿಗೆ ಲೆಕ್ಕ ಮುಗಿಯಿತು. ಆದರೆ ಬಾಟಲಿ ಕಚ್ಚಿಕೊಂಡೇ ಓಡಾಡುವ ಎರಡು ವರ್ಷದ ಮಗು ದಿನಕ್ಕೆ ಒಂದು ಲೀಟರ್ ಹಾಲು ಕುಡಿಯುವುದು ಅಪರೂಪವಲ್ಲ. ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆ ತುಂಬಿದ ಮಗು ಊಟ ದೂಡುತ್ತದೆ, ತಿಂದ ಅಲ್ಪಸ್ವಲ್ಪ ಊಟದ ಕಬ್ಬಿಣಕ್ಕೂ ಹಾಲಿನ ಕ್ಯಾಲ್ಸಿಯಂ ಅಡ್ಡ ಬರುತ್ತದೆ. ಹೀಗೆ ಸೀಸದಿಂದ ಕಾಪಾಡಲೆಂದು ಕುಡಿಸಿದ ಹಾಲು ಕಬ್ಬಿಣದ ಕೊರತೆ ತಂದು ಸೀಸಕ್ಕೇ ದಾರಿ ಮಾಡಿಕೊಡುತ್ತದೆ. ದಿನಕ್ಕೆ ಅರ್ಧ ಲೀಟರ್ ಆಸುಪಾಸಿಗೆ ನಿಲ್ಲಿಸಿ. ಹಾಲನ್ನು ನಡುವಿನ ತಿಂಡಿಯ ಹೊತ್ತಿಗೆ ಕೊಡಿ, ಬೇಳೆ, ಮಾಂಸದ ಊಟದ ಜತೆ ಬೇಡ. ವರ್ಷ ತುಂಬದ ಕೂಸಿಗೆ ಹಸುವಿನ ಹಾಲು ಮುಖ್ಯ ಆಹಾರವಾಗಬಾರದು. ಹಾಲು ಒಗ್ಗದ ಮಕ್ಕಳಿಗೆ ಎಳ್ಳು, ಮುಳ್ಳಿನ ಸಮೇತ ತಿನ್ನಬಹುದಾದ ಸಣ್ಣ ಮೀನು, ಕ್ಯಾಲ್ಸಿಯಂ ಬೆರೆಸಿದ ಸೋಯಾ ಹಾಲು ಇವೆ. ಪ್ರಾಣಿಗಳ ಮೂಳೆಪುಡಿಯಿಂದ ಮಾಡಿದ ಕ್ಯಾಲ್ಸಿಯಂ ಮಾತ್ರೆಗಳನ್ನು ಮುಟ್ಟಬೇಡಿ, ಅವುಗಳಲ್ಲೇ ಸೀಸ ಇರಬಹುದು.

ಗರ್ಭಿಣಿಯರಿಗೂ ಈ ಮಾತು ಅನ್ವಯಿಸುತ್ತದೆ. ಬಾಲ್ಯದಲ್ಲಿ ದೇಹ ಸೇರಿದ ಸೀಸ ಮೂಳೆಯಲ್ಲಿ ದಶಕಗಟ್ಟಲೆ ಕೂತಿರುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ದೇಹ ಮೂಳೆಯನ್ನು ಕರಗಿಸಿ ಅದನ್ನು ಹೊಂದಿಸಿಕೊಳ್ಳುತ್ತದೆ. ಜತೆಗೆ ಸೀಸವೂ ರಕ್ತಕ್ಕೆ ಬಂದು ಕರುಳಬಳ್ಳಿಯ ಮೂಲಕ ಮಗುವಿಗೆ ಹೋಗುತ್ತದೆ.

ಸೀಸ ದೇಹಕ್ಕೆ ಸೇರದಿರಲೆಂದು ಕೊಬ್ಬು ಕಡಿಮೆ ಮಾಡಿ ಎಂಬ ಸಲಹೆ ಹಳೆಯ ಕರಪತ್ರಗಳಲ್ಲಿ ಇನ್ನೂ ಉಳಿದುಕೊಂಡಿದೆ. ಎರಡು ವರ್ಷದೊಳಗಿನ ಮಗುವಿನ ಮಿದುಳು ಬೆಳೆಯಲು ಕೊಬ್ಬು ಬೇಕೇ ಬೇಕು. ಕರಿದ ತಿಂಡಿ ಬೇಡ ಎನ್ನಲು ಬೇರೆ ಕಾರಣಗಳಿವೆ, ಸೀಸದ ಹೆಸರಿನಲ್ಲಿ ಕೂಸಿನ ತುಪ್ಪ, ಬೆಣ್ಣೆ ಕಿತ್ತುಕೊಳ್ಳುವುದು ಸರಿಯಲ್ಲ.

ಊಟದಿಂದಲೇ ಸೀಸ ಬರುವ ದಾರಿಗಳನ್ನೂ ಮುಚ್ಚಬೇಕು. ಮಸಾಲೆ ಪುಡಿಗೆ ಮೆರುಗು ಬರಲೆಂದು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಬೆರೆಸುವವರಿದ್ದಾರೆ. 2023ರಲ್ಲಿ ಅಮೆರಿಕದಲ್ಲಿ ಮಕ್ಕಳ ಸೇಬು–ದಾಲ್ಚಿನ್ನಿ ಪ್ಯೂರಿಯನ್ನು ಮಾರುಕಟ್ಟೆಯಿಂದ ವಾಪಸು ಪಡೆಯಬೇಕಾಗಿ ಬಂದಿತ್ತು. ಸೀಸ ಬಂದದ್ದು ದಾಲ್ಚಿನ್ನಿ ಪುಡಿಯಿಂದ. ಇಡಿಯಾಗಿ ಕೊಂಡು ಪುಡಿ ಮಾಡಿಕೊಂಡರೆ ಅಪಾಯ ಕಡಿಮೆ. ಪೂರಾ ಇಲ್ಲವಾಗುವುದಿಲ್ಲ, ಏಕೆಂದರೆ ಅರಿಶಿನದ ಇಡಿಯ ಕೊಂಬುಗಳಿಗೂ ಬಣ್ಣ ಹಚ್ಚುವುದುಂಟು. ಹೊಳಪಿನ ಲೇಪ (ಗ್ಲೇಜ್) ಕೊಟ್ಟ ಮಣ್ಣಿನ ಪಾತ್ರೆಯಲ್ಲಿ, ಗುಜರಿ ಲೋಹ ಕರಗಿಸಿ ಎರೆದ ಪಾತ್ರೆಯಲ್ಲಿ ಹುಳಿ ಪದಾರ್ಥ ಬೇಯಿಸಲೂ ಬೇಡಿ, ಎತ್ತಿಡಲೂ ಬೇಡಿ, ಹುಳಿ ಸೀಸವನ್ನು ಬಿಡಿಸಿಕೊಳ್ಳುತ್ತದೆ. ನಲ್ಲಿಯ ಕೊಳವೆಯಲ್ಲಿ, ಬೆಸುಗೆಯಲ್ಲಿ ಸೀಸ ಇರಬಹುದಾದ ಹಳೆಯ ಕಟ್ಟಡಗಳಲ್ಲಿ ಅಡುಗೆಗೆ ತಣ್ಣೀರನ್ನೇ ಹಿಡಿಯಿರಿ, ಬಿಸಿನೀರಿನ ನಲ್ಲಿಯಲ್ಲಿ ಸೀಸ ಹೆಚ್ಚು ಕರಗಿರುತ್ತದೆ. ನೀರು ಕುದಿಸಿದರೆ ಸೀಸ ಹೋಗುವುದಿಲ್ಲ. ನೀರು ಆವಿಯಾಗಿ ಇನ್ನಷ್ಟು ಸಾಂದ್ರವಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಊಟಕ್ಕೆ ಮಿತಿಯಿದೆ. ಕಬ್ಬಿಣದ ಕೊರತೆಯಿದ್ದ ಶಾಲಾ ಮಕ್ಕಳಿಗೆ ಕಬ್ಬಿಣ ಬೆರೆಸಿದ ಊಟ ಕೊಟ್ಟಾಗ ರಕ್ತದ ಸೀಸ ಇಳಿದದ್ದು ದಾಖಲಾಗಿದೆ. ಕ್ಯಾಲ್ಸಿಯಂ ಮಾತ್ರೆ ಕೊಟ್ಟ ಪ್ರಯೋಗಗಳಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಅಂದರೆ ಕೊರತೆ ತುಂಬಿದರೆ ಲಾಭ, ಕೊರತೆಯೇ ಇಲ್ಲದ ಮಗುವಿಗೆ ಮೇಲೆ ಮೇಲೆ ಸುರಿದರೆ ಇಲ್ಲ. ಬೆಳ್ಳುಳ್ಳಿ, ಕೊತ್ತಂಬರಿ ರಸ, ‘ಡಿಟಾಕ್ಸ್’ ಪುಡಿಗಳನ್ನು ಮಗುವಿನ ಚಿಕಿತ್ಸೆಗೆ ನಂಬಿ ಕೂರುವುದು ಕಾಲಹರಣ. ಬಣ್ಣ, ಮಣ್ಣು, ಪಾತ್ರೆ, ನೀರು, ಇವುಗಳಲ್ಲಿ ಸೀಸದ ಮೂಲ ಯಾವುದೆಂದು ಹುಡುಕಿ ತೆಗೆಯದಿದ್ದರೆ ಯಾವ ಊಟವೂ ಮಗುವನ್ನು ಉಳಿಸುವುದಿಲ್ಲ.

ಸೀಸದ ಸುರಕ್ಷಿತ ಮಟ್ಟ ಎಂಬುದೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಕ್ತದ ಒಂದು ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ಕ್ರಮ ಕೈಗೊಳ್ಳಬೇಕು, ಊಟದಲ್ಲಿ ಕೊರತೆಯಿರುವ 10 ವರ್ಷದೊಳಗಿನವರಿಗೆ ಕಬ್ಬಿಣ, ಕ್ಯಾಲ್ಸಿಯಂ ಪೂರಕ ಕೊಡಬೇಕು ಎಂಬುದು ಅದರ 2021ರ ಮಾರ್ಗಸೂಚಿ. ಅದು 45 ಮುಟ್ಟಿದರೆ ವಿಷಯ ಅಡುಗೆಮನೆಯದ್ದಲ್ಲ, ಆಸ್ಪತ್ರೆಯದ್ದು. ಕಬ್ಬಿಣದ ಮಾತ್ರೆಯನ್ನು ವೈದ್ಯರು ಹೇಳದೆ ಕೊಡಬಾರದು. ದೊಡ್ಡವರ ಮಾತ್ರೆಗಳನ್ನು ಮಿಠಾಯಿಯೆಂದು ನುಂಗಿ ಮಕ್ಕಳು ಸತ್ತದ್ದುಂಟು, ಬೀಗ ಹಾಕಿಡಿ. ಬೆರಳು ಚುಚ್ಚಿ ಮಾಡಿದ ಪರೀಕ್ಷೆಯಲ್ಲಿ ಅಂಕಿ ಹೆಚ್ಚು ಬಂದರೆ ಚರ್ಮದ ಮೇಲಿನ ಧೂಳೂ ಕಾರಣವಿರಬಹುದು, ರಕ್ತನಾಳದಿಂದ ತೆಗೆದ ರಕ್ತದಲ್ಲಿ ಖಚಿತಪಡಿಸಿಕೊಳ್ಳಬೇಕು. ಅದೇ ರಕ್ತದಲ್ಲಿ ಹಿಮೋಗ್ಲೋಬಿನ್ ಜತೆಗೆ ಫೆರಿಟಿನ್ ಕೂಡ ನೋಡಿ ಎಂದು ಕೇಳಿ, ಕಬ್ಬಿಣದ ದಾಸ್ತಾನು ತಿಳಿಯುವುದು ಅದರಿಂದಲೇ. ಮಗುವಿಗೆ ಜ್ವರ, ಸೋಂಕು ಇರುವಾಗ ಫೆರಿಟಿನ್ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಪೂರ್ತಿ ಗುಣವಾದ ಮೇಲೆ ಮಾಡಿಸಿ.

– ಮಕ್ಕಳ ಪೌಷ್ಟಿಕತೆಯ ಕ್ಷೇತ್ರದಲ್ಲಿರುವ ಓದುಗರು